ಶಂಕರಿ ಅನ್ನ ಬಿಟ್ಟದ್ದು

ದಪ್ಪಗಿರುವ ಹೆಂಗಸು ತನಗೆ ಹಸಿವು ಎಂದರೆ ಯಾರೂ ನಂಬುವುದಿಲ್ಲ. ತಿಂದದ್ದು ಕಣ್ಣಿಗೆ ಕಾಣುತ್ತಿದೆಯಲ್ಲ, ಇನ್ನೆಲ್ಲಿಯ ಹಸಿವು ಎನ್ನುತ್ತಾರೆ. ಹಾಗೆ ಎನ್ನುವವರ ನಡುವೆಯೇ ವರ್ಷಗಟ್ಟಲೆ ಬದುಕಿದವಳು ನಮ್ಮ ಪಕ್ಕದ ಮನೆಯ ಶಂಕರಿ.

ಎಪ್ಪತ್ತೊಂದನೇ ಇಸವಿಯ ಸುಮಾರಿಗೆ ನಮ್ಮ ಯಜಮಾನರನ್ನು ಬ್ಯಾಂಕಿನವರು ಎರ್ನಾಕುಳಕ್ಕೆ ವರ್ಗ ಮಾಡಿದರು. ಸೌತ್ ಸ್ಟೇಷನ್ನಿನ ಹಿಂದೆ ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆ. ಮೈಸೂರಿನಿಂದ ಬಂದ ನಾನು ಭಾಷೆ ಬಾರದೆ ಮೂಗಿಯಂತೆ ಕೂತಿದ್ದಾಗ ಗೋಡೆಯ ಆ ಕಡೆಯಿಂದ ಕನ್ನಡ ಕೇಳಿಸಿತು. ಅವರು ಕುಂಬಳೆಯವರು. ಮನೆಯ ಯಜಮಾನ ಯಜ್ಞನಾರಾಯಣರು ದಿನಾ ದೋಣಿ ಹತ್ತಿ ವಿಲಿಂಗ್ಡನ್ ದ್ವೀಪದ ಕೇಂದ್ರ ಸರ್ಕಾರದ ಆಫೀಸಿಗೆ ಹೋಗುತ್ತಿದ್ದರು. ಮನೆಯಲ್ಲಿ ಅವರ ತಾಯಿ ಪರಮೇಶ್ವರಿಯಮ್ಮ, ಹೆಂಡತಿ ಶಂಕರಿ, ಮಗಳು ನಿರ್ಮಲ. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಮಗು ಅದು.

ಯಜ್ಞನಾರಾಯಣರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಹೆದರಿದ ಮನುಷ್ಯ. ಅವರ ತಂದೆ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಉರುಳಿದವರಂತೆ. ಬಾಣಂತನದ ನಂತರ ಶಂಕರಿಯ ಮೈ ಇಳಿಯದಿದ್ದಾಗ ಅವರಿಗೆ ತಂದೆಯ ಮುಖವೇ ಕಂಡಿತು. ತಿರುವನಂತಪುರದ ದೊಡ್ಡ ಡಾಕ್ಟರೊಬ್ಬರಿಗೆ ಕರೆದುಕೊಂಡು ಹೋಗಿ ತೋರಿಸಿದರು. ತೆಂಗಿನಕಾಯಿ, ತುಪ್ಪ, ಎಣ್ಣೆ ಮೂರೂ ಬಂದ್ ಎಂದರಂತೆ ಡಾಕ್ಟರು. ವಾಪಸು ಬರುವ ಗಾಡಿಯಲ್ಲೇ ಇವರು ಹೆಂಡತಿಯ ಇಡ್ಲಿ ಪೊಟ್ಟಣದಿಂದ ಚಟ್ನಿಯನ್ನು ಬಳಿದು ಕಿಟಕಿಯಿಂದ ಆಚೆ ಎಸೆದರಂತೆ.

ಅಲ್ಲಿಂದ ಶುರುವಾಯಿತು ನೋಡಿ. ತೆಂಗಿನಕಾಯಿ ಹಾಕದೆ ಅಕ್ಕಿಹಿಟ್ಟಿನ ಪುಟ್ಟು ಬೇಯಿಸುವ ಇನ್ನೊಂದು ಮನೆ ಎರ್ನಾಕುಳದಲ್ಲಿ ಇದ್ದಿರಲಾರದು. ಎಲ್ಲರಿಗೂ ಕಾಯಿ ಅರೆದ ಸಾರು, ಅವಳಿಗೆ ಬೇರೆ ಪಾತ್ರೆಯಲ್ಲಿ ನೀರು ಸಾರು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗುಡ್ಡೆ ಅನ್ನ, ಸಂಜೆ ಬೇಯಿಸಿದ ಮರಗೆಣಸು, ನಡುನಡುವೆ ಬೇಕರಿಯ ರಸ್ಕು. ಒಣಗಿದ ರಸ್ಕಿನಲ್ಲಿ ಕೊಬ್ಬು ಎಲ್ಲಿಂದ ಬರಬೇಕು ಎಂಬುದು ಯಜ್ಞನಾರಾಯಣರ ತರ್ಕ. ತಿಂದು ಕೈ ತೊಳೆದು ಒಂದು ಪಾತ್ರೆ ಬೆಳಗುವಷ್ಟರಲ್ಲಿ ಅವಳಿಗೆ ಮತ್ತೆ ಹಸಿವು. ಮತ್ತೆ ಗಂಜಿ, ಮತ್ತೆ ರಸ್ಕು. ಹೊಟ್ಟೆ ಉಬ್ಬುತ್ತಿತ್ತೇ ಹೊರತು ತುಂಬುತ್ತಿರಲಿಲ್ಲ. ಮೈ ಇಳಿಯುವ ಬದಲು ಇನ್ನೂ ಏರಿತು, ಮಂಡಿ ನೋವು ಬಂತು, ಕೂದಲು ಉದುರಿತು.

ಏರಿದ್ದಕ್ಕೆ ಮನೆಯವರು ಕಂಡುಕೊಂಡ ಕಾರಣ ಒಂದೇ: ಕದ್ದು ತಿನ್ನುತ್ತಾಳೆ. ತುಪ್ಪದ ಭರಣಿ ಪರಮೇಶ್ವರಿಯಮ್ಮನ ಮಂಚದ ಕೆಳಗೆ ಹೋಯಿತು. ಕಾಯಿ ತುರಿಯುವಾಗ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಸಾಕು, "ಅಚ್ಛಾ, ಅಮ್ಮ ತೇಂಙ ತಿನ್ನು!" ಅಪ್ಪಾ, ಅಮ್ಮ ಕಾಯಿ ತಿಂದಳು ಎಂದು ನಿರ್ಮಲ ಮಲಯಾಳದಲ್ಲಿ ಮನೆಯೆಲ್ಲ ಕೇಳುವಂತೆ ಸಾರುತ್ತಿತ್ತು. ಹೆತ್ತ ಮಗಳೇ ಕಾವಲುಗಾರ್ತಿಯಾದರೆ ಹೆಂಗಸು ಎಲ್ಲಿಗೆ ಹೋಗಬೇಕು? ನನಗೆ ಆ ಮನೆಯವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಬಾಡಿಗೆ ಮನೆಯ ನೆರೆಹೊರೆ, ಎಷ್ಟೆಂದು ಬಾಯಿ ಹಾಕುವುದು?

ಇದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಶಂಕರಿ ತವರಿಗೆ ಹೋದಾಗಲೆಲ್ಲ ತಾಯಿ ಕಾಯಿಹಾಲು, ತುಪ್ಪ ಎಂದು ಉಪಚಾರ ಮಾಡುತ್ತಿದ್ದರು. ಹಾಗಾಗಿ ಯಜ್ಞನಾರಾಯಣರು ಒಂದು ಕಟ್ಟಳೆ ಮಾಡಿದರು. ತೂಕ ಎಪ್ಪತ್ತು ಕಿಲೋಕ್ಕೆ ಇಳಿಯದೆ ತವರಿಲ್ಲ. ಪ್ರತಿ ತಿಂಗಳು ಸಂಬಳ ಬಂದ ಮೇಲೆ ಅವಳನ್ನು ಸ್ಟೇಷನ್ನಿಗೆ ಕರೆದೊಯ್ದು, ಪ್ಲಾಟ್‌ಫಾರಂ ಮೇಲಿದ್ದ ತೂಕದ ಯಂತ್ರ ಹತ್ತಿಸುತ್ತಿದ್ದರು. ಕಾಸು ಹಾಕಿದರೆ ಬಣ್ಣದ ದೀಪ ತಿರುಗಿ ಒಂದು ಚೀಟಿ ಬೀಳುತ್ತದೆ, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಪಕ್ಕದಲ್ಲೇ ಕುಂಬಳೆಯ ಮೇಲೆ ಮಂಗಳೂರಿಗೆ ಹೋಗುವ ಗಾಡಿ ನಿಂತಿರುತ್ತಿತ್ತು. ಶಂಕರಿ ಚೀಟಿ ನೋಡದೆ ಗಾಡಿಯನ್ನೇ ನೋಡುತ್ತಿದ್ದಳು. ನಿಮಗೆ ಶುಭಕಾಲ ಹತ್ತಿರದಲ್ಲಿದೆ ಎಂದು ಚೀಟಿ ಪ್ರತಿ ಸಲ ಹೇಳುತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಕುಂಬಳೆಯಿಂದ ಬಂದವರೊಬ್ಬರು ಸುದ್ದಿ ತಂದರು. ಶಂಕರಿಯ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಅಣ್ಣನ ಮನೆಯಲ್ಲಿ ಮಲಗಿದಲ್ಲೇ ಇದ್ದಾರೆ, ಮಗಳನ್ನು ಕೇಳುತ್ತಾರೆ. ಆ ತಿಂಗಳ ಚೀಟಿಯಲ್ಲಿ ಎಂಬತ್ತೆರಡು ಬಂದಿತ್ತು.

"ಅಲ್ಲಿ ಹೋಗಿ ನೀನೂ ಮಲಗುದಾ?" ಎಂದರು ಯಜ್ಞನಾರಾಯಣ. "ನಿನ್ನ ಅಮ್ಮನನ್ನು ನೋಡ್ಲಿಕ್ಕೆ ಅಣ್ಣ ಇದ್ದಾನೆ. ಮೊದಲು ಇಳಿಸು, ಮತ್ತೆ ನಾನೇ ಕಳಿಸ್ತೇನೆ."

ಅವಳು ಅತ್ತದ್ದು ಗೋಡೆಯ ಈಚೆಗೂ ಕೇಳಿಸಿತು. ಮರುದಿನ ಬೆಳಿಗ್ಗೆ ಮಿಂದು ಬಂದು, ದೇವರ ದೀಪದ ಮುಂದೆ ನಿಂತು, ಅತ್ತೆಗೂ ಗಂಡನಿಗೂ ಕೇಳುವಂತೆ ಹೇಳಿದಳಂತೆ. "ಅಮ್ಮನ ಮುಖ ನೋಡುವಲ್ಲಿವರೆಗೆ ನಾನು ಅನ್ನ ಮುಟ್ಟುದಿಲ್ಲ. ಯಾವ ಧಾನ್ಯವನ್ನೂ ಮುಟ್ಟುದಿಲ್ಲ. ಮಧೂರು ಗಣಪತಿಯ ಆಣೆ."

ಅದರಲ್ಲಿ ಯಾವ ಉಪಾಯವೂ ಇರಲಿಲ್ಲ. ಬೇಸತ್ತ ಜೀವ, ಸಾಯುವುದಾದರೆ ಸಾಯುತ್ತೇನೆ ಎಂದು ಬಾಯಿ ಬಿಟ್ಟಿತ್ತು, ಅಷ್ಟೆ. ಆದರೆ ದೇವರ ಆಣೆ ಎಂಬ ಮಾತು ಬಿದ್ದದ್ದೇ ಪರಮೇಶ್ವರಿಯಮ್ಮ ಎದ್ದು ಕೂತರು. ಆ ಮನೆಯಲ್ಲಿ ಡಾಕ್ಟರಿಗಿಂತ ಮೇಲಿನ ಕಾನೂನು ಅದೊಂದೇ. ಆಣೆ ಭಂಗವಾದರೆ ದೋಷ ಮನೆಗೇ ತಗಲುತ್ತದೆ.

"ವ್ರತದವಳಿಗೆ ಗಂಜಿ ಇಲ್ಲ, ಮರಗೆಣಸು ಇಲ್ಲ, ಬೇಕರಿಯ ರಸ್ಕು ಇಲ್ಲ, ಮೈಲಿಗೆ," ಎಂದು ಅವರು ತೀರ್ಪು ಕೊಟ್ಟರು. "ಕಾಯಿ ಆಗ್ತದೆ. ಹಾಲು, ಮೊಸರು ಆಗ್ತದೆ. ನೆಲಗಡಲೆ ಆಗ್ತದೆ. ಸೊಪ್ಪು ತರಕಾರಿ ಮಾಡುದಾದ್ರೆ ತುಪ್ಪದ ಒಗ್ಗರಣೆಯೇ ಆಗಬೇಕು."

"ಅಮ್ಮಾ, ಡಾಕ್ಟ್ರು..." ಎಂದರು ಮಗ.

"ನಿನ್ನ ಡಾಕ್ಟ್ರು ಬಂದು ಗಣಪತಿಗೆ ಉತ್ತರ ಕೊಡ್ತಾನಾ?"

ಮಂಚದ ಕೆಳಗಿನ ಭರಣಿ ಆ ದಿನವೇ ಅಡುಗೆಮನೆಗೆ ಬಂತು.

ಮೊದಲ ಒಂದು ವಾರ ಶಂಕರಿ ತಲೆನೋವೆಂದು ಮಲಗಿದಳು. ಆಮೇಲೊಂದು ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ನನ್ನನ್ನು ಕರೆದು, "ಸರೋಜಕ್ಕ, ನಂಗೆ ಹಸಿವೇ ಆಗ್ತಾ ಇಲ್ಲ," ಎಂದಳು. ಏನೋ ರೋಗ ಬಂದವಳ ಹಾಗೆ ಹೆದರಿದ್ದಳು. ಬೆಳಿಗ್ಗೆ ತಿಂದದ್ದು ಹರಿವೆ ಸೊಪ್ಪಿನ ಪಲ್ಯ, ಅದಕ್ಕೆ ಧಾರಾಳ ಕಾಯಿತುರಿ, ಮೇಲೊಂದು ಚಮಚ ತುಪ್ಪ, ಗಟ್ಟಿ ಮೊಸರು. ಮಧ್ಯಾಹ್ನ ಕಳೆದರೂ ಹೊಟ್ಟೆ ಸುಮ್ಮನಿತ್ತು.

"ಅದು ರೋಗ ಅಲ್ಲ ಕಣ್ರೀ, ಹೊಟ್ಟೆ ತುಂಬಿದೆ ಅಂತ ಅರ್ಥ," ಎಂದೆ ನಾನು. ಅವಳು ಬಟ್ಟೆ ಹಿಡಿದುಕೊಂಡೇ ಅಳತೊಡಗಿದಳು. ಹೊಟ್ಟೆ ತುಂಬಿದ್ದಕ್ಕೆ ಅಳುವ ಮನುಷ್ಯರನ್ನು ನಾನು ಅದೇ ಮೊದಲು ನೋಡಿದ್ದು.

ಓಣಂ ಕಳೆಯುವಷ್ಟರಲ್ಲಿ ಅವಳ ರವಿಕೆಗಳನ್ನು ನಾನೇ ಹಿಡಿದು ಹೊಲಿಯಬೇಕಾಯಿತು. ಮುಖದ ಊತ ಇಳಿಯಿತು, ಬಾವಿಯ ನೀರು ಸೇದುವಾಗ ಏದುಸಿರು ನಿಂತಿತು. ಕೊಬ್ಬು ತಿಂದು ಕೊಬ್ಬು ಕರಗುವುದು ಹೇಗೆ ಎಂದು ನನ್ನನ್ನು ಕೇಳಬೇಡಿ, ನಾನು ಡಾಕ್ಟರಲ್ಲ. ನನಗೆ ಕಂಡದ್ದಿಷ್ಟು: ದಿನವಿಡೀ ಬಾಯಾಡಿಸುತ್ತಿದ್ದವಳು ಎರಡು ಹೊತ್ತು ತೃಪ್ತಿಯಾಗಿ ತಿಂದು ಸುಮ್ಮನಾದಳು. ಯಜ್ಞನಾರಾಯಣರು ಮಾತ್ರ ಆಫೀಸಿನಲ್ಲಿ ತಿರುವನಂತಪುರದ ಡಾಕ್ಟರ ಪಥ್ಯ ಕೊನೆಗೂ ಕೆಲಸ ಮಾಡಿತು ಎಂದು ಹೇಳಿಕೊಂಡು ತಿರುಗಿದರು.

ನವೆಂಬರ್ ಕೊನೆಗೆ, ಅಲ್ಲಿಯವರ ವೃಶ್ಚಿಕ ಮಾಸದಲ್ಲಿ, ಚೀಟಿಯಲ್ಲಿ ಅರವತ್ತೊಂಬತ್ತು ಬಂತು. ನಾನೂ ಜೊತೆಗೆ ಹೋಗಿದ್ದೆ. ಶಂಕರಿ ಯಂತ್ರದಿಂದ ಇಳಿಯುವ ಮೊದಲೇ ಗಾಡಿಯ ಕಡೆ ತಿರುಗಿದ್ದಳು. ಯಜ್ಞನಾರಾಯಣರು ಚೀಟಿಯನ್ನು ಜೇಬಿಗೆ ಹಾಕಿಕೊಂಡು ನಕ್ಕರು.

"ನೋಡು, ಎಷ್ಟು ಚಂದ ಇಳಿದಿದೆ! ಈಗ ಹೋಗಿ ಅನ್ನ ಶುರು ಮಾಡಿದ್ರೆ ಎಲ್ಲಾ ಹಾಳು. ವ್ರತ ಹೀಗೇ ನಡೀಲಿ. ಅರವತ್ತಕ್ಕೆ ಬರ್ಲಿ, ಮತ್ತೆ ನೋಡುವ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಮನೆಗೆ ಬಂದ ಮೇಲೆ ಶಂಕರಿ ನನ್ನ ಹತ್ತಿರ ಹೇಳಿದಳು, "ನಾನೇ ಬೀಗ ಹಾಕಿಕೊಂಡೆ ಸರೋಜಕ್ಕ. ನಾನು ಅಮ್ಮನನ್ನು ನೋಡಿದ್ರೆ ವ್ರತ ಮುಗೀತದೆ. ವ್ರತ ಮುಗಿದ್ರೆ ನಾನು ದಪ್ಪ ಆಗ್ತೇನೆ ಅಂತ ಇವರಿಗೆ. ಇನ್ನು ಇವರು ಯಾಕೆ ಕಳಿಸ್ತಾರೆ?" ಅದೇ ವಾರ ಅಣ್ಣ ಹೇಳಿಕಳಿಸಿದ್ದ, ತಾಯಿ ಈಗ ಮಾತೂ ಕಡಿಮೆ ಮಾಡಿದ್ದಾರೆ ಎಂದು. ಅತ್ತ ದರಿ ಇತ್ತ ಪುಲಿ.

ನಮ್ಮ ಮಾತು ಪರಮೇಶ್ವರಿಯಮ್ಮನ ಕಿವಿಗೆ ಬಿತ್ತೋ ಏನೋ. ಮರುದಿನ ಮಧ್ಯಾಹ್ನ, ಭಾನುವಾರ, ಬಡಿಸಿದ ತಟ್ಟೆಯನ್ನು ಮುದುಕಿ ಮುಂದಕ್ಕೆ ತಳ್ಳಿದರು.

"ಯಾಕಮ್ಮ, ಹುಷಾರಿಲ್ವಾ?" ಮಗ ಕೇಳಿದರು.

"ನಾನೂ ಅನ್ನ ಬಿಟ್ಟೆ. ಇವಳು ಊರಿಗೆ ಗಾಡಿ ಹತ್ತುವಲ್ಲಿವರೆಗೆ. ಮಧೂರು ಗಣಪತಿಯ ಆಣೆ."

"ನಿಮಗೆ ಹಲ್ಲಿಲ್ಲ! ಕಾಯಿ, ನೆಲಗಡಲೆ ಎಂತದರಲ್ಲಿ ಅಗಿಯುದು?"

"ಅಗಿಯುದಿಲ್ಲ. ನೀರು ಕುಡೀತೇನೆ."

ಯಜ್ಞನಾರಾಯಣರು ರೇಗಿದರು, ಕಾಲು ಹಿಡಿದರು, ನನ್ನನ್ನೂ ಕರೆದು ಬುದ್ಧಿ ಹೇಳಿಸಲು ನೋಡಿದರು. ನಾನು ಹೋಗಿ ಸುಮ್ಮನೆ ಕೂತು ಬಂದೆ, ನನಗೇನು ಹುಚ್ಚೇ? ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದರು. ಮರುದಿನವೂ ಏಳಲಿಲ್ಲ. ತಂದೆಯನ್ನು ತಟ್ಟೆಯ ಮುಂದೆ ಕಳೆದುಕೊಂಡ ಮಗ, ತಟ್ಟೆ ಮುಟ್ಟದ ತಾಯಿಯನ್ನು ಎಷ್ಟು ಹೊತ್ತು ನೋಡಿಯಾನು? ಆ ದಿನ ಆಫೀಸಿಗೆ ಹೋಗದೆ ನೇರ ಸ್ಟೇಷನ್ನಿಗೆ ಹೋಗಿ ಟಿಕೆಟ್ ತಂದರು. ಅದೇ ಸಂಜೆ ತಾವೇ ಶಂಕರಿಯನ್ನೂ ನಿರ್ಮಲಳನ್ನೂ ಕರೆದುಕೊಂಡು ಹೊರಟರು.

ಶಂಕರಿಗೆ ತಾಯಿ ಸಿಕ್ಕಿದರು, ಗುರುತು ಹಿಡಿದರು, ಮಕರ ಸಂಕ್ರಾಂತಿಯ ತನಕ ಇದ್ದರು. ಶಂಕರಿ ಅಲ್ಲೇ ಇದ್ದು ನೋಡಿಕೊಂಡಳು. ಅನ್ನ ಮತ್ತೆ ಶುರುವಾಯಿತು, ಆದರೆ ಒಂದು ಹಿಡಿ ಮಾತ್ರ, ಅದರ ಎರಡರಷ್ಟು ಪಲ್ಯ, ಕಾಯಿ, ಮೊಸರು, ಮೇಲೆ ತುಪ್ಪ. ಯಜ್ಞನಾರಾಯಣರು ಹೆದರಿದ ಹಾಗೆ ಮೈ ಮತ್ತೆ ಬರಲಿಲ್ಲ, ನಮಗೆ ತಿರುವನಂತಪುರಕ್ಕೆ ವರ್ಗವಾಗುವ ತನಕ ನಾನೇ ಕಣ್ಣಾರೆ ನೋಡಿದ್ದೇನೆ.

ಗಾಡಿ ಹೊರಟ ಆ ಸಂಜೆ ಪರಮೇಶ್ವರಿಯಮ್ಮನನ್ನು ನನಗೆ ಒಪ್ಪಿಸಿದ್ದರು. ನಾನು ತೆಳ್ಳಗೆ ಗಂಜಿ ಮಾಡಿ, ಕಾಯಿಹಾಲು ಬೆರೆಸಿ ಮುಂದಿಟ್ಟೆ. ಇಷ್ಟು ವರ್ಷ ಸೊಸೆಯ ಕಾವಲು ಕಾದವರು ಈಗ ಯಾಕೆ ಹೀಗೆ ಮಾಡಿದಿರಿ ಎಂದು ತಡೆಯಲಾರದೆ ಕೇಳಿಯೇಬಿಟ್ಟೆ.

ಮುದುಕಿ ಸೆರಗಿನ ತುದಿಯಿಂದ ಗಂಜಿಯ ಹಬೆಗೆ ಗಾಳಿ ಬೀಸಿದರು.

"ನನ್ನ ಅಮ್ಮ ಸಾಯ್ಲಿಕ್ಕಾದಾಗ ನಾನು ಹೊಳೆಯ ಈಚೆ ಇದ್ದೆ ಸರೋಜಾ. ದೋಣಿ ಹತ್ತಿದ್ರೆ ಆ ಕಡೆ. ಗಂಡನ ಮನೆಯಲ್ಲಿ ಭತ್ತ ಬೇಯಿಸ್ಲಿಕ್ಕಿತ್ತು, ಮುಗಿಸಿ ಹೋಗು ಹೇಳಿದ್ರು. ಮುಗಿಸಿದೆ. ಹೋಗುವಾಗ ಚಿತೆಗೆ ಬೆಂಕಿ ಕೊಟ್ಟಾಗಿತ್ತು," ಎಂದು ಹೇಳಿ, ಬಟ್ಟಲನ್ನು ಹತ್ತಿರ ಎಳೆದುಕೊಂಡರು.