ಕೊಂಬಿನವರಿಗೂ ಜಿಂಕೆಗಳಿಗೂ ನಡುವೆ ಒಬ್ಬ ವರ್ಲಾ

ಬೆಳಗಿನ ಐದೂಮುಕ್ಕಾಲು. ಕೆಟಲ್ ಕಣಿವೆಯ ಕಬ್ಬಿಣದ ಗೇಟಿನ ಮೇಲೆ ರಾತ್ರಿ ಬಿದ್ದ ಹಿಮ ನಾಲ್ಕು ಬೆರಳು ದಪ್ಪ ಕೂತಿದೆ. ವರ್ಲಾ ಕ್ರಂಪ್ಟನ್ ಅದನ್ನು ಕೈಗವಸಿನಿಂದ ಒರೆಸಿ, ಬೀಗ ಎಳೆದು ನೋಡಿ, ತಮ್ಮ ಪಿಕಪ್ಪಿನ ಹಿಂಬಾಗಿಲು ಇಳಿಸಿ ಅದರ ಮೇಲೆ ಕಂಬಳಿ ಹಾಸಿಕೊಂಡು ಕೂರುತ್ತಾರೆ. ಮುಕ್ಕಾಲಿಯ ಮೇಲೆ ದುರ್ಬೀನು, ತೊಡೆಯ ಮೇಲೆ ನೋಟುಪುಸ್ತಕ, ಪಕ್ಕದಲ್ಲಿ ಕಾಫಿ ಫ್ಲಾಸ್ಕು. ಏಪ್ರಿಲ್ ಮುಗಿಯಲು ಇನ್ನು ಮೂರೇ ದಿನ. ವಯೋಮಿಂಗಿನ ಈ ಮೂಲೆಯಲ್ಲಿ ಇದನ್ನು ವಸಂತ ಅಂತ ಕರೆಯುವವರು ಹೊರಗಿನವರು ಮಾತ್ರ.

ಮೈಲಿ ದೂರದ ಬಿಸಿಲುಗುಡ್ಡದಲ್ಲಿ, ಗಾಳಿ ಹಿಮ ತೂರಿಕೊಂಡು ಹೋದ ಕಡೆಗಳಲ್ಲೆಲ್ಲ ಉದ್ದಗಿವಿಯ ಜಿಂಕೆಗಳು. ವರ್ಲಾ ತುಟಿ ಅಲುಗಿಸುತ್ತ ಎಣಿಸುತ್ತಾರೆ. ಎರಡನೇ ಸಲ ಎಣಿಸುತ್ತಾರೆ. "ನೂರಾ ಎಪ್ಪತ್ತೊಂದು. ನಿನ್ನೆ ಎಷ್ಟಿತ್ತೋ ಅಷ್ಟೇ" ಎಂದು ಬರೆದುಕೊಂಡು ಒಂದು ಗುಟುಕು ಕಾಫಿ ಕುಡಿಯುತ್ತಾರೆ. ಜನವರಿಯಲ್ಲಿ ಇನ್ನೂರ ಹದಿನಾಲ್ಕಿದ್ದವು. ಇಂಥ ಚಳಿಗಾಲ ಇಪ್ಪತ್ತು ವರ್ಷಗಳಲ್ಲಿ ಬಂದಿಲ್ಲ.

ಅಷ್ಟರಲ್ಲಿ ಗಾಡಿಯೊಂದು ಬಂದು ನಿಲ್ಲುತ್ತದೆ. ಗಡ್ಡದ ಯುವಕನೊಬ್ಬ ಇಳಿದು ಟೋಪಿ ತೆಗೆಯುತ್ತಾನೆ.

"ಒಂದೇ ಒಂದು ಸುತ್ತು ಮೇಡಂ. ಏನೂ ಮುಟ್ಟಲ್ಲ, ಕೊಂಬು ಎಲ್ಲೆಲ್ಲಿ ಬಿದ್ದಿದೆ ಅಂತ ಬರೀ ನೋಡ್ಕೊಂಡ್ ಬಂದ್ಬಿಡ್ತೀನಿ."

"ನೋಡೋಕೇನಪ್ಪಾ, ಇಲ್ಲೇ ಕೂತ್ಕೊ, ದುರ್ಬೀನು ಕೊಡ್ತೀನಿ" ಎನ್ನುವ ವರ್ಲಾ ಅವನ ಮುಖವನ್ನೇ ದಿಟ್ಟಿಸುತ್ತಾರೆ. "ತಡಿ, ನೀನು ಕೋಲ್ಬಿ ಅಲ್ವೇನೋ? ಬಟಾಣೀನ ತಟ್ಟೆ ಕೆಳಗೆ ಬಚ್ಚಿಟ್ಟು ಎದ್ದು ಹೋಗ್ತಿದ್ದೋನು?"

ಗಡ್ಡದೊಳಗೇ ಕೋಲ್ಬಿಯ ಮುಖ ಕೆಂಪಾಗುತ್ತದೆ. ಅವನ ಕೈಗೊಂದು ದಾಲ್ಚಿನ್ನಿ ಚಕ್ಕೆಯ ಬನ್ನು ಬರುತ್ತದೆ. ಗಾಡಿ ಬಂದ ದಾರಿಯಲ್ಲೇ ತಿರುಗುತ್ತದೆ. ಈ ಚಳಿಗಾಲದಲ್ಲಿ ಹೀಗೆ ವಾಪಸಾದ ತೊಂಬತ್ತೇಳನೇ ಗಾಡಿ ಇದು.

ವರ್ಲಾಗೆ ಅರವತ್ಮೂರು. ಇಪ್ಪತ್ತಾರು ವರ್ಷ ಊರಿನ ಶಾಲೆಯ ಅಡುಗೆಮನೆಯಲ್ಲಿದ್ದವರು. ಗುರುವಾರ ಗುರುವಾರ ಖಾರದ ಹುರುಳಿ ಸಾರಿನ ಜೊತೆ ಅವರು ಮಾಡುತ್ತಿದ್ದ ಚಕ್ಕೆ ಬನ್ನಿಗಾಗಿ ಜ್ವರ ಬಂದ ಮಕ್ಕಳೂ ಶಾಲೆಗೆ ಬರುತ್ತಿದ್ದರು ಎಂದು ಊರವರು ಇವತ್ತಿಗೂ ಹೇಳುತ್ತಾರೆ. ನಿವೃತ್ತಿಯ ಮಾರನೇ ವರ್ಷ ವನ್ಯಜೀವಿ ಇಲಾಖೆ ಚಳಿಗಾಲದಲ್ಲಿ ಕಣಿವೆಗೆ ಯಾರೂ ನುಗ್ಗದಂತೆ ಗೇಟು ಕಾಯಲು ಆಳು ಹುಡುಕುತ್ತಿತ್ತು. ಅರ್ಜಿ ಹಾಕಿದ್ದು ಇವರೊಬ್ಬರೇ. ಜನವರಿ ಒಂದರಿಂದ ಏಪ್ರಿಲ್ ಮೂವತ್ತರವರೆಗೆ ದಿನಕ್ಕೆ ಹನ್ನೊಂದು ಗಂಟೆ ಕೆಲಸ. ಇದು ಐದನೇ ಚಳಿಗಾಲ. ಎಡಗಾಲಿನ ಎರಡು ಬೆರಳು ಚಳಿಗೆ ಜೋಮು ಹಿಡಿದು ಹಾಗೇ ಉಳಿದಿವೆ. ಎರಡು ಸಲ ಯಾರೋ ಟೈರಿನ ಗಾಳಿ ಬಿಟ್ಟಿದ್ದಾರೆ. "ಕೊಂಬುಕಳ್ಳಿ, ಎಲ್ಲಾ ನೀನೇ ಗುಡ್ಡೆ ಹಾಕ್ಕೋ" ಎಂಬ ಚೀಟಿ ಒಮ್ಮೆ ಗಾಡಿಯ ಗಾಜಿಗೆ ಅಂಟಿತ್ತು. ಗಂಡ ಡೆಲ್ಮರ್ ರಸ್ತೆಯ ಹಿಮ ತಳ್ಳುವ ಗಾಡಿಯ ಚಾಲಕ. "ನಾವಿಬ್ರೂ ಮುಖ ನೋಡ್ಕೊಳ್ಳೋದು ಭಾನುವಾರ ಚರ್ಚಲ್ಲೇ. ಅದಕ್ಕೇ ಸಂಸಾರ ಚೆನ್ನಾಗಿದೆ" ಎಂದು ವರ್ಲಾ ನಗುತ್ತಾರೆ.

ಗಂಡುಜಿಂಕೆಗಳು ಕೊಂಬು ಉದುರಿಸುವುದು ಚಳಿಗಾಲದಲ್ಲಿ, ಅದೂ ಹೊಟ್ಟೆಪಾಡಿಗೆ ಬಂದು ಸೇರುವ ಇಂಥ ಗುಡ್ಡಗಳಲ್ಲೇ. ಅದನ್ನು ಹೆಕ್ಕುವುದೆಂದರೆ ಇಲ್ಲಿಯವರಿಗೆ ಹಬ್ಬ. ಚಾಕುವಿನ ಹಿಡಿಗೆ, ತೂಗುದೀಪಕ್ಕೆ, ನಾಯಿಗೆ ಅಗಿಯಲು ಕೊಡುವುದಕ್ಕೆ ಎಂದು ಕೊಳ್ಳುವವರಿದ್ದಾರೆ. ಕೊಳ್ಳುವವರಿಲ್ಲದಿದ್ದರೂ ಇವರು ಹೆಕ್ಕದೆ ಬಿಡುವವರಲ್ಲ. ವರ್ಲಾ ಮನೆಯ ಊಟದ ಮೇಜಿನ ಮೇಲೆ ತೂಗುವ ದೀಪ ಕೂಡ ಕೊಂಬಿನದೇ. ಅವರ ಮದುವೆಗೆ ಒಡಹುಟ್ಟಿದ ತಮ್ಮ ಆರ್ಲೋ ಮಾಡಿಕೊಟ್ಟದ್ದು.

"ಕೊಂಬು ಹೆಕ್ಕೋದು ತಪ್ಪು ಅಂತ ನಾನೆಲ್ಲಿ ಅಂದೆ? ಹೊತ್ತಲ್ಲದ ಹೊತ್ತಲ್ಲಿ ಹೋಗೋದು ತಪ್ಪು" ಎನ್ನುತ್ತಾರೆ ಅವರು. "ಚಳಿಗಾಲಕ್ಕೆ ನಾವು ಸೌದೆ ಒಟ್ಟಿಟ್ಕೊಳ್ಳಲ್ವಾ, ಹಾಗೆ ಇವೂ ಮೈಮೇಲೆ ಕೊಬ್ಬು ಒಟ್ಕೊಂಡು ಬರ್ತವೆ. ನೀವು ಒಂದ್ಸಲ ಓಡ್ಸಿದ್ರೆ ಒಂದು ಹೊರೆ ಸೌದೆ ಸುಟ್ಟ ಹಾಗೆ. ಏಪ್ರಿಲ್ ಹೊತ್ತಿಗೆ ಉಳಿದಿರೋದು ನಾಲ್ಕು ಕಡ್ಡಿ. ಹೆಣ್ಣುಗಳ ಹೊಟ್ಟೇಲಿ ಮರಿ ಬೇರೆ."

ಇದನ್ನು ಅವರು ಕಲಿತದ್ದು ಇಲಾಖೆಯ ಪುಸ್ತಕದಿಂದಲ್ಲ. ಈ ಫೆಬ್ರವರಿಯಲ್ಲಿ ಮರಿಗಳನ್ನು ಸರಿಯಾಗಿ ಎಣಿಸಲು ಆಗುತ್ತಿಲ್ಲವೆಂದು ತಮ್ಮ ಗಾಡಿಯನ್ನು ಗೇಟಿನಿಂದ ಆರುನೂರು ಹೆಜ್ಜೆ ಒಳಗೆ, ಒಂದು ದಿಬ್ಬದ ಮೇಲೆ ತಂದು ನಿಲ್ಲಿಸಿಕೊಂಡರು. ಜಿಂಕೆಗಳು ಓಡಲಿಲ್ಲ. ತಲೆ ಎತ್ತಿ ಇವರನ್ನು ನೋಡಿದವು, ಅಷ್ಟೇ. ನನ್ನ ಗುರುತು ಹಿಡಿದಿವೆ ಎಂದು ವರ್ಲಾ ಹಿಗ್ಗಿಹೋದರು. ನಾಲ್ಕನೇ ದಿನ ಎಣಿಸಿದರೆ ನಲವತ್ತು ಕಡಿಮೆ. ಅವು ಹಿಂಬದಿಯ ನೆರಳುಗುಡ್ಡಕ್ಕೆ ಸರಿದು, ಹೊಟ್ಟೆ ಮುಟ್ಟುವ ಹಿಮದಲ್ಲಿ ನಿಂತು ಮರದ ತೊಗಟೆ ಕಡಿಯುತ್ತಿದ್ದವು. ಯಾವನೋ ಒಳಗೆ ನುಗ್ಗಿದ್ದಾನೆಂದು ವರ್ಲಾ ಸಿಟ್ಟಿನಿಂದ ಬೇಲಿಯುದ್ದಕ್ಕೂ ಹೆಜ್ಜೆಗುರುತು ಹುಡುಕಿದರು. ಸಿಕ್ಕಿದ್ದು ಒಬ್ಬರದೇ, ಅವರದೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಆಗಲೇ ಗಾಡಿ ಹಿಂದಕ್ಕೆ ತಂದರು. ಜಿಂಕೆಗಳು ಮರಳಲು ಆರು ದಿನ ಹಿಡಿಯಿತು. ಎರಡು ಮರಿ ಮರಳಲೇ ಇಲ್ಲ. ಅತಿಕ್ರಮ ಪ್ರವೇಶ ಮಾಡಿದವರ ಹೆಸರು ಬರೆಯುವ ಪುಟದಲ್ಲಿ ವರ್ಲಾ ನಾಲ್ಕನೆಯದಾಗಿ ತಮ್ಮ ಹೆಸರನ್ನೇ ಬರೆದರು. ಆ ರಾತ್ರಿ ಊಟ ಸೇರಲಿಲ್ಲ ಎಂದು ಹೇಳುವಾಗ ಮಾತ್ರ ಅವರ ಮುಖದ ನಗು ಅಡಗುತ್ತದೆ.

ಈಗ ಅವರ ತಲೆ ತಿನ್ನುತ್ತಿರುವುದು ಬೇರೆಯೇ ಚಿಂತೆ. ಮೇ ಒಂದರ ಬೆಳಿಗ್ಗೆ ಆರಕ್ಕೆ ಗೇಟು ತೆರೆಯಬೇಕು, ಅದು ಕಾನೂನು. ಬೇರೆ ವರ್ಷವಾದರೆ ಅಷ್ಟು ಹೊತ್ತಿಗೆ ಜಿಂಕೆಗಳು ಮೇಲಿನ ಬೆಟ್ಟ ಸೇರಿರುತ್ತವೆ. ಈ ವರ್ಷ ಮೇಲೆ ಇನ್ನೂ ಎದೆಮಟ್ಟ ಹಿಮ. ಇನ್ನೊಂದು ವಾರ ಕೊಟ್ಟರೆ ಹೊಸ ಹುಲ್ಲು ಚಿಗುರಿ ಬದುಕಿಕೊಳ್ಳುತ್ತವೆ. ಕಚೇರಿಗೆ ಫೋನು ಮಾಡಿದರೆ, ತಾರೀಕು ಬದಲಿಸಲು ಸಭೆ ಸೇರಬೇಕಂತೆ, ಸಭೆ ಇರುವುದು ಮೇ ಹದಿನೆಂಟಕ್ಕಂತೆ.

ಏಪ್ರಿಲ್ ಮೂವತ್ತರ ಸಂಜೆಗೆ ಗೇಟಿನ ಮುಂದೆ ಅರವತ್ನಾಲ್ಕು ಗಾಡಿಗಳ ಸಾಲು. ಕೆಲವರು ಕುದುರೆ ತಂದಿದ್ದಾರೆ, ಕೆಲವರು ಒಲೆ ಹೂಡಿ ಮಾಂಸ ಸುಡುತ್ತಿದ್ದಾರೆ. ಇಲ್ಲಿ ಒಂದು ಕಟ್ಟಳೆ ಇದೆ. ಒಳಗಿನ ಮೋರಿಯ ಹತ್ತಿರ ದಾರಿ ಕವಲೊಡೆಯುವವರೆಗೂ ಯಾರೂ ಮುಂದಿನ ಗಾಡಿಯನ್ನು ಹಿಂದೆ ಹಾಕುವಂತಿಲ್ಲ. ಹಾಕಿದವನಿಗೆ ಊರಲ್ಲಿ ಕಾಫಿ ಹುಟ್ಟುವುದಿಲ್ಲ. ಕವಲಿನಲ್ಲಿ ಬಲಕ್ಕೆ ಬಿಸಿಲುಗುಡ್ಡ, ಎಡಕ್ಕೆ ನೆರಳುಗುಡ್ಡ. ಕೊಂಬು ಇರುವುದೆಲ್ಲ ಬಲಕ್ಕೆ.

ವರ್ಲಾ ಬನ್ನಿನ ಡಬ್ಬಿ ಹಿಡಿದು ಬಾಲದಿಂದ ಶುರುಮಾಡಿ ಒಂದೊಂದೇ ಗಾಡಿಯ ಕಿಟಕಿ ತಟ್ಟುತ್ತಾರೆ. ಒಂದು ವಾರ ಬಿಸಿಲುಗುಡ್ಡ ಬಿಟ್ಟುಬಿಡಿ ಎನ್ನುತ್ತಾರೆ. ಎಲ್ಲರೂ ಬನ್ನು ತಿನ್ನುತ್ತಾರೆ, ಎಲ್ಲರದ್ದೂ ಒಂದೇ ಉತ್ತರ: "ಆಗ್ಲಿ ಮೇಡಂ, ಮುಂದಿನೋರು ಬಿಟ್ರೆ ನಾವೂ ಬಿಡ್ತೀವಿ." ಹೀಗೆ ದಾಟುತ್ತ ದಾಟುತ್ತ ಮಾತು ಮೊದಲ ಗಾಡಿಗೆ ಬಂದು ನಿಲ್ಲುತ್ತದೆ. ಎರಡು ದಿನದಿಂದ ಅದರೊಳಗೇ ಮಲಗೆದ್ದು ಮೊದಲ ಜಾಗ ಹಿಡಿದು ಕೂತವರು ತಮ್ಮ ಆರ್ಲೋ. ನಲವತ್ತು ವರ್ಷದ ಕೊಂಬಿನ ಹುಚ್ಚು. 'ಅಜ್ಜಯ್ಯ' ಎಂದು ಅವರೇ ಹೆಸರಿಟ್ಟ ಒಂದು ಮುದಿ ಗಂಡುಜಿಂಕೆಯ ಐದು ವರ್ಷದ ಐದು ಜೋಡಿ ಕೊಂಬು ಅವರ ಮನೆಯ ಗೋಡೆಯ ಮೇಲಿವೆ. ಆರನೇ ಜೋಡಿ ಬಿಸಿಲುಗುಡ್ಡದಲ್ಲೇ ಬಿದ್ದಿದೆ.

"ಅಜ್ಜಯ್ಯ ಕೊಂಬು ಎಲ್ಲಿ ಉದುರಿಸ್ದ, ನೀನು ನೋಡಿರ್ತೀಯ. ಬಾಯಿ ಬಿಡೇ" ಎಂದು ಆರ್ಲೋ ಮೀಸೆಯಡಿ ನಗುತ್ತಾರೆ.

"ನೋಡಿದೀನಿ. ಹೇಳಲ್ಲ. ಒಂದು ವಾರ ಆ ಕಡೆ ಹೋಗ್ಬೇಡ ಕಣೋ."

"ಉದುರಿದ್ದು ಉದುರಿತು. ಜಿಂಕೆಗೇ ಬೇಡದ್ದು ನಾನು ತಗೊಂಡ್ರೆ ನಿಂಗೇನು ಕಷ್ಟ? ತೋಳ ಅಟ್ಟಲ್ವಾ, ಅವು ಓಡಲ್ವಾ? ಆರು ಗಂಟೆ ಆದ್ಮೇಲೆ ನಿಂಗೆ ಯಾವ ಅಧಿಕಾರಾನೂ ಇಲ್ಲ ಕಣೇ ವರ್ಲಾ."

"ನಂಗಿಲ್ಲ. ನಿಂಗಿದೆ. ಮೊದಲನೇ ಗಾಡಿ ನಿಂದು."

ವರ್ಲಾ ನೋಟುಪುಸ್ತಕದ ಆ ಪುಟ ತೆರೆದು ಅವರ ಕೈಗಿಡುತ್ತಾರೆ. ನಾಲ್ಕನೇ ಹೆಸರು ಓದಿದ ಆರ್ಲೋ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಅಯ್ಯೋ, ಕಾವಲಿನವಳೇ ಕಳ್ಳಿ!" ಹೆಸರಿನ ಪಕ್ಕ ಬರೆದ ಸಾಲು ಕಣ್ಣಿಗೆ ಬಿದ್ದಾಗ ನಗು ನಿಲ್ಲುತ್ತದೆ.

"ಎರಡು ಮರೀನಾ?"

"ಎರಡು. ನಾನು ಓಡಿಸ್ಲೂ ಇಲ್ಲ ಆರ್ಲೋ, ಸುಮ್ನೆ ಕೂತಿದ್ದೆ. ನೀವು ಅರವತ್ನಾಲ್ಕು ಗಾಡಿ."

ಆರ್ಲೋ ಪುಸ್ತಕ ವಾಪಸು ಕೊಟ್ಟು ಕಿಟಕಿ ಏರಿಸಿಕೊಳ್ಳುತ್ತಾರೆ.

ಬೆಳಿಗ್ಗೆ ಆರಕ್ಕೆ ವರ್ಲಾ ಬೀಗ ತೆಗೆದು ಗೇಟು ತಳ್ಳುತ್ತಾರೆ. ಮೊದಲ ಗಾಡಿ ಮೋರಿ ದಾಟಿ ಕವಲಿನಲ್ಲಿ ನಿಂತುಬಿಡುತ್ತದೆ. ಹಿಂದಿನಿಂದ ಹಾರನ್ನುಗಳ ಗದ್ದಲ. ವರ್ಲಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ತೆರೆದಾಗ ಆರ್ಲೋನ ಗಾಡಿಯ ಎಡದೀಪ ಮಿಣುಕುತ್ತಿದೆ.

"ಆರ್ಲೋ ಎಡಕ್ಕೆ ಹೋದ್ರು! ಏನೋ ಗೊತ್ತಿದೆ ಅವ್ರಿಗೆ!" ಎಂದು ಕೋಲ್ಬಿ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಾನೆ. ಅಷ್ಟು ಸಾಕು. ನಲವತ್ತು ವರ್ಷ ಕೊಂಬು ತಂದವನು ಸುಮ್ಮನೆ ತಿರುಗುತ್ತಾನೆಯೇ? ಅರವತ್ಮೂರು ಗಾಡಿಗಳು ಕುರಿಮಂದೆಯಂತೆ ಹಿಂದೆ ಹೋಗುತ್ತವೆ. ದಯೆಯಿಂದ ಆಗದ ಕೆಲಸ ಆಸೆಯಿಂದ ಆಗುತ್ತದೆ. ವರ್ಲಾ ಗೇಟು ಹಿಡಿದುಕೊಂಡು ಅಳುತ್ತ ನಗುತ್ತಾರೆ.

ಸಂಜೆ ಎಲ್ಲರೂ ಇಂಗು ತಿಂದ ಮಂಗನ ಮುಖ ಹೊತ್ತು ಇಳಿದು ಬರುತ್ತಾರೆ. ದಿನವಿಡೀ ಸೊಂಟಮಟ್ಟ ಹಿಮ ಅಗೆದದ್ದಕ್ಕೆ ಸಿಕ್ಕಿದ್ದು ಮೂರು ಕೊಂಬು, ಒಂದು ತುಕ್ಕು ಹಿಡಿದ ಬಕೆಟ್ಟು. "ವಯಸ್ಸಾಯ್ತು ಕಣ್ರೋ, ಮೂಗು ಕೈಕೊಡ್ತು" ಎಂದು ಆರ್ಲೋ ಎಲ್ಲರ ಬೈಗುಳಕ್ಕೂ ತಲೆಯೊಡ್ಡುತ್ತಾರೆ. ದೂರದ ಊರಿನವರು ಗೊಣಗುತ್ತ ಗಾಡಿ ಕಟ್ಟುತ್ತಾರೆ. ಊರಿನವರು ನಾಳೆ ಬಲಕ್ಕೆ ನುಗ್ಗುವವರೇ, ಆದರೆ ಮಾರನೇ ಬೆಳಿಗ್ಗೆ ಬಲದಾರಿಯ ಇಕ್ಕಟ್ಟಿನಲ್ಲಿ ಆರ್ಲೋನ ಗಾಡಿ ಅಡ್ಡಡ್ಡ ಕೆಟ್ಟು ನಿಂತಿದೆ, ಆರ್ಲೋ ಪಾನಾ ಹಿಡಿದು ಅದರಡಿ ಮಲಗಿದ್ದಾರೆ. ಕೆಟ್ಟ ಗಾಡಿಗೆ ಕೈಹಚ್ಚದೆ ಹೋಗುವುದು ಇಲ್ಲಿಯವರಿಗೆ ಮಹಾಪಾಪ. ಹಾಗಾಗಿ ವಾರವಿಡೀ ಅವರಿಗೆ ಗಾಡಿ ಕೆಡಿಸುವುದಕ್ಕಿಂತ ರಿಪೇರಿಗೆ ಬಂದವರನ್ನು ಸಾಗಹಾಕುವುದೇ ದೊಡ್ಡ ಕೆಲಸವಾಗುತ್ತದೆ. ಎಳೆದು ಪಕ್ಕಕ್ಕಿಡಲು ಹಿಮದ ಗಾಡಿ ತಂದ ಭಾವ ಡೆಲ್ಮರ್ ಕೂಡ ಬೈಸಿಕೊಂಡು ಹೋಗುತ್ತಾರೆ.

ವರ್ಲಾ ಅವರ ನೌಕರಿ ಮೂವತ್ತಕ್ಕೇ ಮುಗಿದಿದೆ. ಆದರೂ ದಿನಾ ಬಂದು ಕೂರುತ್ತಾರೆ. ಮೇ ಎಂಟರ ಬೆಳಿಗ್ಗೆ ಗುಡ್ಡದ ನೆತ್ತಿಯಲ್ಲಿ ನೆಲ ಕಾಣುತ್ತದೆ. ಹೆಣ್ಣುಜಿಂಕೆಯೊಂದು ಮೇಲಕ್ಕೆ ಹೆಜ್ಜೆ ಹಾಕುತ್ತದೆ, ಹಿಂದೆ ಇನ್ನೊಂದು, ಆಮೇಲೆ ಸಾಲು. ಮಧ್ಯಾಹ್ನದ ಹೊತ್ತಿಗೆ ಗುಡ್ಡ ಖಾಲಿ. ನೂರಾ ಅರವತ್ತೆಂಟು. ಆರ್ಲೋನ ಗಾಡಿ ಆ ಕ್ಷಣವೇ ತಾನಾಗಿ ಸರಿಹೋಗುತ್ತದೆ. ಅಜ್ಜಯ್ಯನ ಒಂದು ಕೊಂಬು ಅವರಿಗೆ ಸಿಗುತ್ತದೆ, ಇನ್ನೊಂದನ್ನು ಇಲಿಗಳು ಅರ್ಧ ತಿಂದಿರುತ್ತವೆ. ಅದನ್ನೂ ಗೋಡೆಗೆ ಹಾಕಿದ್ದಾರೆ.

ಇಷ್ಟು ಚಳಿಗಾಲ ಕಾದಿದ್ದೀರಲ್ಲ, ಹೋಗುವಾಗ ಅವು ನಿಮ್ಮ ಕಡೆ ಒಮ್ಮೆ ತಿರುಗಿ ನೋಡಿದವೇ ಎಂದು ಕೇಳಿದರೆ ವರ್ಲಾ ದುರ್ಬೀನನ್ನು ಚೀಲಕ್ಕೆ ಹಾಕುತ್ತ ಮುಖ ಅರಳಿಸುತ್ತಾರೆ.

"ನೂರಾ ಅರವತ್ತೆಂಟರಲ್ಲಿ ಒಂದೂ ನೋಡ್ಲಿಲ್ಲ. ನಾನು ಇದ್ದೆ ಅಂತಾನೇ ಗೊತ್ತಿಲ್ಲ ಅವಕ್ಕೆ. ಅದನ್ನ ಬರ್ಕೊಳ್ಳಿ."