ಪರದೆಯಾಚೆಯ ತೋಳು

ದಿಲ್ಲಿಯ ಸೇನೆ ಬಂದು ನಮ್ಮ ಸಂಸ್ಥಾನವನ್ನು ವಶಪಡಿಸಿಕೊಂಡ ಪೊಲೀಸ್ ಆ್ಯಕ್ಷನ್ ಮುಗಿದ ಹೊಸತು. ದಿಲ್ಲಿಯ ಆರೋಗ್ಯ ಖಾತೆಯ ಪರವಾಗಿ ಸಂತಪುರದಲ್ಲಿ ಸಿಡುಬಿನ ಲಸಿಕೆ ಹಾಕುತ್ತಿದ್ದೆ. ದಿಲ್ಲಿ ಅಂದರೆ ಸಾಕು, ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಂಸ್ಥಾನದ ಪರವಿದ್ದು ತಲೆಮರೆಸಿಕೊಂಡ ಗಂಡಸರನ್ನು ಹುಡುಕುವ ಪೊಲೀಸನೂ ನನ್ನ ಬೆನ್ನಿಗೇ ಬರುತ್ತಿದ್ದ.

ಒಂದು ಮುಸ್ಲಿಂ ಮನೆಯ ಮುದುಕಿ, "ಹೆಣ್ಮಕ್ಕಳು ಹೊರಗ ಬರಂಗಿಲ್ರಿ, ಕೈ ಚಾಚ್ತಾರ," ಎಂದು ಪರದೆ ಇಳಿಬಿಟ್ಟಳು. ಬಳೆ ತೊಟ್ಟ ಕೈಗಳು ಒಂದೊಂದಾಗಿ ಬಂದವು. ಕೊನೆಯ ತೋಳಿಗೂ ಬಳೆ ಇತ್ತು, ಆದರೆ ತುಂಬ ರೋಮ.

"ಸೊಸಿರಿ," ಎಂದ ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಚುಚ್ಚಿದೆ. "ಜ್ವರ ಬರ್ತದರಿ, ಸೊಸಿನ್ನ ಹೊರಗ ಬಿಡಬ್ಯಾಡ್ರಿ," ಅಂದೆ.

ಹೊರಗೆ ಪೊಲೀಸ ಕೇಳಿದ, "ಒಳಗ ಗಂಡಸರು ಅದಾರೇನ್ರಿ?"

"ತೋಳು ನೋಡು ಅಂತ ಹುಕುಮ್ ಅದರಿ, ಮುಖ-ಮಾರಿ ನೋಡು ಅಂತ ಇಲ್ರಿ."

ದಿಲ್ಲಿಯ ಹುಕುಮನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ.