ಎರಡು ಮೊಳ ಬಿಳಿ ಪಟ್ಟಿ

ನಾನು ಓದು ನಿಲ್ಲಿಸಿದ್ದು 1979ರಲ್ಲಿ, ಏಳನೇ ಕ್ಲಾಸಿಗೆ. ಫೇಲಾಗಿ ಅಲ್ಲ, ಪಾಸಾಗಿಯೇ ನಿಲ್ಲಿಸಿದೆ. ಇದನ್ನು ಹೇಳದೆ ನನಗೆ ಮುಂದಿನ ಮಾತು ಬರುವುದಿಲ್ಲ. ಅದೇ ವರ್ಷ ರಾಮನಗರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಖಾದರ್ ಸಾಬರ ಹತ್ತಿರ ಸೇರಿದೆ. ಹನ್ನೊಂದು ವರ್ಷ ಅವರ ಕೈಕೆಳಗೆ ಕಲಿತು, ಆಮೇಲೆ ಚನ್ನಪಟ್ಟಣದಲ್ಲಿ ಸ್ವಂತ ಅಂಗಡಿ ಹಾಕಿದೆ. ರೇಡಿಯೋ, ಟೇಪ್ ರೆಕಾರ್ಡರ್, ಅದಕ್ಕೂ ಹಿಂದಿನ ದೊಡ್ಡ ಸ್ಪೂಲ್ ಮೆಷಿನ್ನುಗಳು, ಯಾವುದು ಬಂದರೂ ಬಿಚ್ಚಿ ನೋಡದೆ ವಾಪಸ್ಸು ಕಳಿಸಿದವನಲ್ಲ.

ದೆವ್ವ, ಅಶರೀರವಾಣಿ ಎಂದೆಲ್ಲ ಯಾರಾದರೂ ಶುರು ಮಾಡಿದರೆ ನಾನು ನಗುತ್ತಿದ್ದೆ. ಸ್ಪೀಕರಿನಲ್ಲಿ ಸದ್ದು ಬಂತು ಎಂದರೆ ಅದರ ಹಿಂದೆ ಒಂದು ತಂತಿ ಇರಬೇಕು, ತಂತಿ ಹಿಡಿದು ಹೋದರೆ ಕಾರಣ ಸಿಗಬೇಕು. ಒಮ್ಮೆ ಒಬ್ಬರು ಆರಿಸಿಟ್ಟ ರೇಡಿಯೋ ತಾನಾಗಿ ಮಾತಾಡುತ್ತದೆ ಎಂದು ಅದಕ್ಕೆ ಕುಂಕುಮ ಹಚ್ಚಿ ತಂದಿದ್ದರು. ಬಿಚ್ಚಿದರೆ ಸ್ವಿಚ್ಚು ಸಡಿಲ, ಒಳಗೆ ಎರಡು ಜಿರಲೆ. ಜಿರಲೆಗಳನ್ನು ಕಾಗದದಲ್ಲಿ ಕಟ್ಟಿ ಅವರ ಕೈಗೇ ಕೊಟ್ಟೆ. ಅಂಥವನು ನಾನು. ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ನನ್ನ ಒತ್ತಾಯವೇನಿಲ್ಲ.

ಎಂಟು ವರ್ಷದ ಹಿಂದಿನ ಮಾತು. ಬೆಂಗಳೂರಿನಿಂದ ಒಬ್ಬ ಮೇಡಂ ಅಂಗಡಿಗೆ ಬಂದರು. ಹಳೆಯ ರೇಡಿಯೋ ಧ್ವನಿಮುದ್ರಣಗಳನ್ನು ಹುಡುಕಿ ಉಳಿಸುವ ಸಣ್ಣ ಗುಂಪೊಂದು ಅವರದು. ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕ ಟೇಪಿನ ಸುರುಳಿಯೊಂದನ್ನು ತಂದಿದ್ದರು. ಡಬ್ಬಿಯ ಮೇಲೆ ಪೆನ್ಸಿಲ್ಲಿನಲ್ಲಿ ‘ಬ್ಯಾಂಡ್ ಸೆಟ್, ಚನ್ನಪಟ್ಟಣ’ ಎಂದಷ್ಟೇ ಇತ್ತು. ಆ ಕಾಲಕ್ಕೆ ನಮ್ಮ ಕಡೆ ಬ್ಯಾಂಡ್ ಸೆಟ್ ಇಲ್ಲದೆ ಮದುವೆ ಮೆರವಣಿಗೆ ಹೊರಡುತ್ತಿರಲಿಲ್ಲ. ಅಂಥದೊಂದು ತಂಡ ರೇಡಿಯೋ ಸ್ಟುಡಿಯೋದಲ್ಲಿ ಅರ್ಧ ಗಂಟೆ ನುಡಿಸಿದ ಸುರುಳಿ ಅದು. ಅದನ್ನು ಹಾಡುವ ಹಾಗೆ ಮಾಡಬೇಕು, ನುಡಿಸಿದವರು ಯಾರೆಂದು ಊರಲ್ಲಿ ವಿಚಾರಿಸಿ ಕೊಡಬೇಕು. ಹೆಸರುಗಳನ್ನು ಸೇರಿಸಿ ಅವರು ಎಲ್ಲರಿಗೂ ಕೇಳಲು ಸಿಗುವಂತೆ ಇಡುತ್ತಾರಂತೆ. ಡಿಗ್ರಿ ಮೇಲೆ ಡಿಗ್ರಿ ಮಾಡಿದವರು ನನ್ನ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದಾರೆ ಎಂದು ನನಗೆ ಹೆಮ್ಮೆ. ನನ್ನ ಕೈಗೆ ಬಂದ ಸುರುಳಿಯಲ್ಲಿ ಒಂದಕ್ಷರವೂ ಹೋಗುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟೆ.

ಖಾದರ್ ಸಾಬರು ಕಲಿಸಿದ ಪಾಠ ಒಂದಿತ್ತು. ಹಳೆಯ ಸುರುಳಿ ಬಂದರೆ ಮೊದಲು ತುದಿಯ ಹಾಳಾದ ಭಾಗ ಕತ್ತರಿಸು, ಆಮೇಲೆ ಮೆಷಿನ್ನಿಗೆ ಹಾಕು. ಇಲ್ಲದಿದ್ದರೆ ಉದುರುವ ಪುಡಿ ಮೆಷಿನ್ನಿನಲ್ಲಿ ಸದ್ದು ಓದುವ ಹೆಡ್ಡಿಗೆ ಮೆತ್ತಿಕೊಂಡು ಇಡೀ ಸುರುಳಿಯೇ ಕೆಡುತ್ತದೆ. ಈ ಸುರುಳಿಯ ತುದಿ ಹಪ್ಪಳದಂತೆ ಮುರಿಯುತ್ತಿತ್ತು. ಹೂ ಅಳೆದ ಹಾಗೆ ಮೊಳಕೈಯಲ್ಲಿ ಅಳೆದು ಹನ್ನೆರಡು ಮೊಳ ಕತ್ತರಿಸಿ ಬುಟ್ಟಿಗೆ ಹಾಕಿದೆ. ಅದರ ಜಾಗಕ್ಕೆ ಎರಡು ಮೊಳ ಬಿಳಿ ಪಟ್ಟಿ ಅಂಟಿಸಿದೆ. ಈ ಬಿಳಿ ಪಟ್ಟಿ ಬರೀ ಪ್ಲಾಸ್ಟಿಕ್ಕು, ಸುರುಳಿಯನ್ನು ಮೆಷಿನ್ನಿಗೆ ಸಿಕ್ಕಿಸಲು ಮಾತ್ರ. ಸದ್ದು ಹಿಡಿಯುವ ಕಂದು ಲೇಪ ಅದರ ಮೇಲೆ ಇರುವುದೇ ಇಲ್ಲ.

ನಾನು ಯೋಚಿಸದೆ ಹೋದದ್ದು ಇಷ್ಟೇ. ನಮ್ಮ ಅಂಗಡಿಗೆ ಬರುತ್ತಿದ್ದವೆಲ್ಲ ಮನೆ ಸುರುಳಿಗಳು, ಅವುಗಳ ತುದಿ ಯಾವಾಗಲೂ ಖಾಲಿ. ರೇಡಿಯೋದವರ ಸುರುಳಿ ಹಾಗಲ್ಲ. ಅದರಲ್ಲಿ ತುದಿಯಲ್ಲೇ ಮಾತು ಇರುತ್ತದೆ.

ಸುರುಳಿ ಚೆನ್ನಾಗಿಯೇ ಹಾಡಿತು. ನಾಲ್ಕು ಗತ್ತುಗಳು, ಅಂದರೆ ವಾದ್ಯದಲ್ಲೇ ನುಡಿಸುವ ಹಾಡುಗಳು. ಒಂದು ಟ್ರಂಪೆಟ್, ಎರಡು ಡ್ರಮ್ಮು, ಮತ್ತೆ ಕ್ಲಾರಿನೆಟ್ಟು. ಗಮನವಿಟ್ಟು ಕೇಳಿದರೆ ಕ್ಲಾರಿನೆಟ್ಟುಗಳು ಎರಡು. ಒಂದು ಮೇಲಕ್ಕೆ ಹೋದಾಗ ಇನ್ನೊಂದು ಕೆಳಗಿನಿಂದ ಹಿಡಿದುಕೊಂಡ ಹಾಗೆ ಬರುತ್ತಿತ್ತು.

ಊರಲ್ಲಿ ವಿಚಾರಿಸಿದೆ. ಆ ತಂಡದ ಯಜಮಾನರ ಮಗ ಅನ್ವರ್ ಸಾಬರು ನಮ್ಮೂರಲ್ಲೇ ಮರದ ಬೊಂಬೆ ಅಂಗಡಿ ಇಟ್ಟಿದ್ದರು. ಒಳ್ಳೆಯ ಮನುಷ್ಯ. ತಂದೆ ಊದಿದ್ದನ್ನು ಕೇಳಿ ಕಣ್ಣೊರೆಸಿಕೊಂಡರು. ತಂದೆ ಟ್ರಂಪೆಟ್, ಚಿಕ್ಕಪ್ಪ ಕ್ಲಾರಿನೆಟ್, ಡ್ರಮ್ಮಿನವರು ಇಬ್ಬರು ಎಂದು ನಾಲ್ಕು ಹೆಸರು ಬರೆಸಿದರು. ಇನ್ನೊಂದು ಕ್ಲಾರಿನೆಟ್ ಇದೆಯಲ್ಲ ಎಂದು ಕೇಳಿದೆ.

“ಬೆಂಗ್ಳೂರ್ಗೆ ಕಾರಲ್ಲಿ ಹೋದೋರು ನಾಲ್ಕೇ ಜನ ಕಣಣ್ಣ, ನಾನೇ ಬಾಗ್ಲಲ್ಲಿ ನಿಂತು ಕಳ್ಸಿದ್ದು. ಡ್ರಮ್ಮು ತುರುಕಿದ್ ಮ್ಯಾಲೆ ಐದನೆಯವ್ನು ಡ್ರೈವರ್ ತೊಡೆ ಮ್ಯಾಲೆ ಕೂರ್ಬೇಕಿತ್ತು. ರೇಡಿಯೋದೋರೇ ಯಾರೋ ಊದವ್ರೆ ಬುಡಿ” ಎಂದರು.

ನನಗೆ ಸಮಾಧಾನವಾಗಲಿಲ್ಲ. ಕನಕಪುರದಲ್ಲಿ ಡ್ರಮ್ಮಿಗೆ ಚರ್ಮ ಕಟ್ಟುತ್ತಿದ್ದ ಮುದುಕರೊಬ್ಬರನ್ನು ಹುಡುಕಿ ಹೋದೆ. ಆ ಸೆಟ್ಟಿನಲ್ಲಿ ಸ್ವಲ್ಪ ದಿನ ಮಾದಯ್ಯ ಅಂತ ಒಬ್ಬ ಊದುತ್ತಿದ್ದ, ಸತ್ತು ಬಹಳ ಕಾಲವಾಯಿತು, ಮಗಳನ್ನು ಮಾಗಡಿ ಕಡೆ ಗುಡೇಮಾರನಹಳ್ಳಿಗೆ ಕೊಟ್ಟಿದ್ದಾರೆ ಎಂದು ಅವರು ಹೇಳಿದರು. ಹೇಳಿ ಕಳಿಸಿದೆ. ನಾಲ್ಕನೇ ದಿನಕ್ಕೆ ಆಕೆ ಎರಡು ಬಸ್ಸು ಬದಲಾಯಿಸಿ ಬಂದೇಬಿಟ್ಟರು. ಹೆಸರು ಸಣ್ಣತಾಯಮ್ಮ, ನನಗಿಂತ ಆರೇಳು ವರ್ಷ ದೊಡ್ಡವರು. ಚೀಲದ ತುಂಬ ಅವರೇಕಾಯಿ ತಂದಿದ್ದರು.

ಆಕೆ ಹೇಳಿದ ಕತೆ ಇದು. ಮಾದಯ್ಯ ಹಿಂದಿನ ದಿನ ಬೇರೆ ಕಡೆ ಮದುವೆಗೆ ಊದಿ, ಅಲ್ಲಿಂದಲೇ ಒಬ್ಬನೇ ರೈಲಿನಲ್ಲಿ ಬೆಂಗಳೂರಿಗೆ ಹೋದನಂತೆ. ಕಾರ್ಯಕ್ರಮ ಪ್ರಸಾರವಾಗುವ ದಿನ ಊರಿಗೆಲ್ಲ ಹೇಳಿ ಬಂದ. ಊರಿಗಿದ್ದದ್ದು ಒಂದೇ ರೇಡಿಯೋ. ಜನ ಅದರ ಮುಂದೆ ಚಾಪೆ ಹಾಸಿಕೊಂಡು ಕೂತರು. ಆ ದಿನವೇ ಸೆಲ್ಲು ಸತ್ತಿತ್ತು. ಬೇರೆ ಸೆಲ್ಲು ತರುವ ಹೊತ್ತಿಗೆ ಕಾರ್ಯಕ್ರಮ ಮುಗಿದು ಕೃಷಿ ಸಲಹೆ ಬರುತ್ತಿತ್ತು. ಅವತ್ತಿನಿಂದ ಅವನಿಗೆ ರೇಡಿಯೋ ಮಾದ ಎಂದು ಹೆಸರಾಯಿತು. ನಮ್ಮ ಕಡೆ ಹಾಗೆಂದರೆ ಬುರುಡೆ ಬಿಡುವವನು. ಯಾರಾದರೂ ಸುಳ್ಳು ಹೇಳಿದರೆ ‘ನೀನೂ ರೇಡಿಯೋಲಿ ಊದಿದ್ದಾ?’ ಎನ್ನುತ್ತಿದ್ದರಂತೆ. ಆ ಹೆಸರು ಮಗಳ ಗಂಡನ ಮನೆಗೂ ಬಂತು. ಮದುವೆಯಾಗಿ ನಲವತ್ತು ವರ್ಷವಾದರೂ ಆಕೆ ರೇಡಿಯೋ ಮಾದನ ಮಗಳೇ.

“ನಮ್ಮಪ್ಪ ಸುಳ್ಳು ಹೇಳೋನಲ್ಲ ಕಣಪ್ಪಾ. ಮೊದ್ಲು ಎಲ್ಲಾರ್ ಹೆಸ್ರೂ ಓದುದ್ರಂತೆ, ಆಮ್ಯಾಕೆ ಊದುದ್ರಂತೆ. ಸಾಯೋಗಂಟ ಅದ್ನೇ ಹೇಳ್ತಿದ್ದ. ಆ ಹೆಸ್ರು ಓದೋದೊಂದು ಒಸಿ ಕೇಳ್ಸು. ಬ್ಯಾರೆ ಏನೂ ಬ್ಯಾಡ” ಎಂದರು.

ಕತ್ತರಿಸಿದ ಹನ್ನೆರಡು ಮೊಳ ಕಣ್ಣ ಮುಂದೆ ಬಂತು. ಅದನ್ನು ಹಾಕಿದ್ದ ಬುಟ್ಟಿ ವಾರದ ಹಿಂದೆಯೇ ಖಾಲಿಯಾಗಿ, ಕಸ ಸುಟ್ಟು ಬೂದಿಯಾಗಿತ್ತು. ತಪ್ಪು ನನ್ನದು ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಮೇಡಂಗೆ ಕೊಟ್ಟ ಮಾತು, ನಲವತ್ತು ವರ್ಷದ ಕೈಗುಣ, ಎಲ್ಲ ಅಡ್ಡ ಬಂದವು. ಶುರುವಿನ ಭಾಗ ಸುರುಳಿಯಲ್ಲಿ ಇರಲೇ ಇಲ್ಲಮ್ಮ, ಬರುವಾಗಲೇ ಹೋಗಿತ್ತು ಎಂದುಬಿಟ್ಟೆ. ಸುಳ್ಳುಗಾರನೆಂದು ಹೆಸರು ಹೊತ್ತು ಸತ್ತವನ ಮಗಳಿಗೆ ನಾನು ಹೇಳಿದ್ದು ಹಸೀ ಸುಳ್ಳು. ಆಕೆ ಗತ್ತುಗಳನ್ನೂ ಕೇಳದೆ, ಬಸ್ಸು ತಪ್ಪುತ್ತದೆ ಎಂದು ಎದ್ದರು. ಅವರೇಕಾಯಿ ಅಂಗಡಿಯಲ್ಲೇ ಉಳಿಯಿತು.

ಇದಾಗಿ ಮೂರು ದಿನಕ್ಕೆ ಆ ಘಟನೆ ನಡೆಯಿತು. ಇಂಥವೆಲ್ಲ ಸರಿರಾತ್ರಿಯಲ್ಲಿ ಆಗುತ್ತವೆ ಎನ್ನುತ್ತಾರೆ. ನನಗೆ ಆದದ್ದು ಹಗಲು ಮೂರು ಗಂಟೆಗೆ, ಹೊರಗೆ ತಳ್ಳುಗಾಡಿಯವನು ಬಾಳೆಹಣ್ಣು ಕೂಗುತ್ತಿದ್ದಾಗ. ಮೇಡಂ ಬಿಟ್ಟುಹೋಗಿದ್ದ ಸಣ್ಣ ರೆಕಾರ್ಡರಿಗೆ ಸುರುಳಿಯನ್ನು ಇಳಿಸಿಕೊಡಬೇಕಿತ್ತು. ತಂತಿ ಜೋಡಿಸಿದೆ, ರೆಕಾರ್ಡರ್ ಒತ್ತಿದೆ, ಮೆಷಿನ್ ಚಾಲೂ ಮಾಡಿದೆ. ಎರಡು ಮೊಳ ಪಟ್ಟಿ ದಾಟಲು ಐದು ಸೆಕೆಂಡು ಬೇಕು, ಆಮೇಲೆ ಡ್ರಮ್ಮು ಬರಬೇಕು.

ಡ್ರಮ್ಮು ಬರಲಿಲ್ಲ. ಒಬ್ಬ ಗಂಡಸಿನ ಧ್ವನಿ ಬಂತು. ಹಳೆಯ ಕಾಲದ ಉದ್ಘೋಷಕರ ಅಚ್ಚುಕಟ್ಟಾದ ಮಾತು. ಈಗ ಚನ್ನಪಟ್ಟಣದ ಬ್ಯಾಂಡ್ ತಂಡದಿಂದ ವಾದ್ಯ ಸಂಗೀತ ಎಂದಿತು. ಯಜಮಾನರ ಹೆಸರು, ಅವರ ತಮ್ಮನ ಹೆಸರು, ಡ್ರಮ್ಮಿನ ಇಬ್ಬರ ಹೆಸರು ಒಂದೊಂದಾಗಿ ಹೇಳಿತು. ಒಂದು ಗಳಿಗೆ ನಿಂತಿತು, ಕಾಗದ ಮಗುಚಿದ ಸದ್ದು ಕೇಳಿಸಿತು. ಕೊನೆಗೆ, “ಮತ್ತು ಕ್ಲಾರಿನೆಟ್‌ನಲ್ಲಿ ಉಯ್ಯಂಬಳ್ಳಿಯ ಮಾದಯ್ಯ” ಎಂದಿತು. ಅದಾದ ಮೇಲೆ ಡ್ರಮ್ಮು ಶುರುವಾಯಿತು. ಅಷ್ಟು ಹೊತ್ತೂ ನನ್ನ ಕಣ್ಣು ಮೆಷಿನ್ನಿನ ಮೇಲೇ ಇತ್ತು. ಹೆಡ್ಡಿನ ಮುಂದೆ ಬಿಳಿ ಪಟ್ಟಿ ಹರಿಯುತ್ತಲೇ ಇತ್ತು, ಮುಗಿಯುತ್ತಲೇ ಇರಲಿಲ್ಲ.

ಹೆದರಿಕೆಯಾಗಲಿಲ್ಲ. ಕೆಲಸದವನ ಬುದ್ಧಿ, ಮೊದಲು ತಂತಿ ನೋಡಿದೆ. ಅಕ್ಕಪಕ್ಕ ಎಲ್ಲೂ ರೇಡಿಯೋ ಹಾಕಿರಲಿಲ್ಲ. ಸುರುಳಿ ಪೂರ್ತಿ ಇಳಿದ ಮೇಲೆ ರೆಕಾರ್ಡರ್ ನಿಲ್ಲಿಸಿ, ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಐದು ಸೆಕೆಂಡು ಮೌನ, ಆಮೇಲೆ ಡ್ರಮ್ಮು. ಕತ್ತಲಾಗುವ ತನಕ ಹಾಕಿದೆ, ಅಷ್ಟೇ. ರೆಕಾರ್ಡರಿಗೆ ಕಿವಿಯಿಟ್ಟರೆ ಅದರ ಮೊದಲಲ್ಲೂ ಮಾತಿಲ್ಲ. ಪೂರ್ತಿ ಕೇಳುವ ತಾಳ್ಮೆಯಿಲ್ಲದೆ ಆರಿಸಿದೆ. ಆಕೆಯ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು, ಅದಕ್ಕೇ ಹಾಗೆ ಕೇಳಿಸಿತು ಎಂದುಕೊಂಡೆ. ಆದರೆ ಉಯ್ಯಂಬಳ್ಳಿ ಎಲ್ಲಿಂದ ಬಂತು? ಆ ಹೆಸರನ್ನು ನನಗೆ ಯಾರೂ ಹೇಳಿರಲಿಲ್ಲ. ಮಾರನೆಯ ದಿನ ಸಣ್ಣತಾಯಮ್ಮನಿಗೆ ಫೋನು ಮಾಡಿ, ಏನೋ ನೆಪ ಹೇಳಿ, ನಿಮ್ಮ ತಂದೆ ಯಾವ ಊರಿನವರು ಎಂದು ಕೇಳಿದೆ.

“ಉಯ್ಯಂಬಳ್ಳಿ ಕಣಪ್ಪಾ. ಯಾಕೆ, ಏನಾರ ಸಿಕ್ತಾ?”

ಏನೂ ಇಲ್ಲ ಎಂದು ಫೋನಿಟ್ಟೆ.

ಸುರುಳಿ, ರೆಕಾರ್ಡರ್ ಎರಡನ್ನೂ ಕಳಿಸಿಕೊಟ್ಟೆ. ವಾರ ಕಳೆದು ಬೆಂಗಳೂರಿನಿಂದ ಮೇಡಂ ಫೋನು ಮಾಡಿದರು. ಕೆಲಸವನ್ನು ಬಹಳ ಹೊಗಳಿದರು. ಕೊನೆಗೆ, “ಶುರುವಿನಲ್ಲಿ ಅರ್ಧ ನಿಮಿಷ ಏನೂ ಇಲ್ಲ, ಬರೀ ಖಾಲಿ. ತೆಗೆದುಬಿಡಲಾ?” ಎಂದು ಕೇಳಿದರು. ಗಿರಾಕಿಯೊಬ್ಬ ಮಿಕ್ಸಿ ಹಿಡಿದು ಎದುರಿಗೆ ನಿಂತಿದ್ದ. ನಾನು ಯೋಚಿಸದೆ ತೆಗೀರಿ ಎಂದೆ. ಫೋನಿಟ್ಟ ಮೇಲೆ ಕೈ ಲೆಕ್ಕ ಹಾಕಿತು. ಎರಡು ಮೊಳಕ್ಕೆ ಐದು ಸೆಕೆಂಡಾದರೆ ಅರ್ಧ ನಿಮಿಷಕ್ಕೆ ಹನ್ನೆರಡು ಮೊಳ, ನಾನು ಬುಟ್ಟಿಗೆ ಹಾಕಿದಷ್ಟೇ. ಗಿರಾಕಿಯನ್ನು ಕಳಿಸಿ ವಾಪಸ್ಸು ಫೋನು ಮಾಡಿದೆ. ಆಗಲೇ ತೆಗೆದು, ಮೊದಲಿನದನ್ನು ಅಳಿಸಿ ಆಗಿತ್ತು. ಒಂದೇ ಜಾಗವನ್ನು ನಾನು ಎರಡು ಸಲ ಕತ್ತರಿಸಿದ್ದೆ. ಆಗಲಾದರೂ ಅವರಿಗೆ ಎಲ್ಲ ಹೇಳಬಹುದಿತ್ತು. ಏನಿಲ್ಲ ಮೇಡಂ, ಸುಮ್ಮನೆ ಎಂದೆ.

ರಾಮನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಸಣ್ಣ ಸಭೆ ಮಾಡಿ ಆ ಸುರುಳಿ ಕೇಳಿಸಿದರು. ಎಲ್ಲರಿಗೂ ಹಂಚಿದ ಹಾಳೆಯಲ್ಲಿ ನಾಲ್ಕು ಹೆಸರು, ಕೆಳಗೆ ‘ಎರಡನೆಯ ಕ್ಲಾರಿನೆಟ್: ತಿಳಿದಿಲ್ಲ’ ಎಂದಿತ್ತು. ಮಾದಯ್ಯನ ಹೆಸರು ಹೇಳಿದರೆ ಕತ್ತರಿಸಿದ್ದೂ ಹೊರಬೀಳುತ್ತದೆ ಎಂದು ನಾನು ಅದನ್ನು ಮೇಡಂಗೆ ಕೊಟ್ಟೇ ಇರಲಿಲ್ಲ. ನನಗೆ ಶಾಲು ಹೊದಿಸಿದರು. ಸಣ್ಣತಾಯಮ್ಮ ಕೊನೆಯ ಸಾಲಿನಲ್ಲಿ ಕೂತಿದ್ದರು. ಗತ್ತು ನಡೆಯುವಾಗ ಅವರ ಕೈಬೆರಳುಗಳು ಸೆರಗಿನ ಮೇಲೆ ಆಡುತ್ತಿದ್ದವು, ಕ್ಲಾರಿನೆಟ್ಟಿನ ತೂತುಗಳ ಮೇಲೆ ಆಡುವ ಹಾಗೆ. ಕೆಳಗಿನ ಕ್ಲಾರಿನೆಟ್ ಬಂದಾಗ ಮಾತ್ರ ಆಡುತ್ತಿದ್ದವು, ಮೇಲಿನದೊಂದೇ ಬಂದಾಗ ನಿಲ್ಲುತ್ತಿದ್ದವು. ಅದನ್ನು ಕಂಡವನು ನಾನೊಬ್ಬನೇ. ಶಾಲು ಹೊದ್ದು ಕೂತಿದ್ದೆ.

ಎದ್ದು ಹೇಳಲು ಧೈರ್ಯ ಬರಲು ನನಗೆ ಮತ್ತೂ ಎರಡು ವರ್ಷ ಬೇಕಾಯಿತು. ಗುಡೇಮಾರನಹಳ್ಳಿಗೆ ಹೋಗಿ, ಆಕೆಯ ಜಗಲಿಯ ಮೇಲೆ ಕೂತು, ಕತ್ತರಿಸಿದ್ದು, ಸುಳ್ಳು ಹೇಳಿದ್ದು, ಬಿಳಿ ಪಟ್ಟಿ ಮಾತಾಡಿದ್ದು, ಒಂದೂ ಬಿಡದೆ ಹೇಳಿದೆ. ಮೇಡಂಗೂ ಹೇಳುತ್ತೇನೆ, ನಿಮ್ಮೂರಲ್ಲೂ ನಿಂತು ಹೇಳುತ್ತೇನೆ ಎಂದೆ. ಆಕೆ ಬೈಯಲಿಲ್ಲ.

“ಬ್ಯಾಡ ಬುಡಪ್ಪಾ. ಖಾಲಿ ಪಟ್ಟಿ ಮಾತಾಡ್ತು ಅಂದ್ರೆ ನಂಬೋರ್ ಯಾರು? ನಿನ್ಗೂ ರೇಡಿಯೋ ಅಂತ ಹೆಸ್ರು ಇಟ್ಬುಡ್ತಾರೆ. ಆ ಹೆಸ್ರು ಹೊತ್ಕೊಂಡು ಬದ್ಕೋದು ಹೆಂಗೈತೆ ಅಂತ ನಂಗೊತ್ತು” ಎಂದರು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ನನ್ನ ಮಾತನ್ನು ಆಕೆ ನಂಬಿದರೋ ಇಲ್ಲವೋ, ಕೇಳಲು ನನ್ನಿಂದಾಗಲಿಲ್ಲ.

ಮೇಡಂಗೆ ಆಮೇಲೆ ಹೇಳಿದೆ. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡರು. ದಾಖಲೆ ಇಲ್ಲದೆ ಹೆಸರು ಸೇರಿಸಲು ಬರುವುದಿಲ್ಲ ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆ ಬಿಳಿ ಪಟ್ಟಿಯನ್ನು ಮಾತ್ರ ಕೇಳಿ ಬಿಡಿಸಿಕೊಂಡು ತಂದೆ. ಅದೇ ಮೆಷಿನ್ನಿಗೆ ಎಷ್ಟೋ ಸಲ ಹಾಕಿ ನೋಡಿದ್ದೇನೆ. ಐದು ಸೆಕೆಂಡಿಗೆ ಮುಗಿಯುತ್ತದೆ. ಅವತ್ತು ನಾನು ಕೇಳಿದ್ದು ಏನೆಂದು ನನಗೆ ಈಗಲೂ ಗೊತ್ತಿಲ್ಲ.

ಅಂಗಡಿ ಈಗ ಅರ್ಧ ಹೊತ್ತು ಮಾತ್ರ ತೆಗೆಯುತ್ತೇನೆ. ನನ್ನ ಹತ್ತಿರ ಇರುವುದು ಸ್ಪೂಲ್ ಮೆಷಿನ್ ಎರಡು, ಕತ್ತರಿ ಒಂದು, ಶಾಲು ಒಂದು, ನಾಲ್ಕು ಹೆಸರಿರುವ ಹಾಳೆ ಒಂದು, ಬಿಳಿ ಪಟ್ಟಿ ಎರಡು ಮೊಳ.